ಅಕ್ಕಲಕೋಟ–ದುಧನಿ, ಎರಡನೇ ಫೇರಿ

ಎಂ.ಎ. ಆಗಲಿಕ್ಕೆ ಏನೇನು ಬೇಕಂತ
ವಿದ್ಯಾಪೀಠದ ಗೋಡೆಗೆ ಮರಾಠಿಯಲ್ಲಿ ಹಚ್ಚಿದ್ದರು,
ಕನ್ನಡ ವಿಭಾಗದ್ದೂ.

ಎಂಬತ್ತು ಕ್ರೆಡಿಟ್.
ನೂರಕ್ಕೆ ಎಪ್ಪತ್ತೈದು ಹಾಜರಿ.
ಎಲ್ಲ ಕಾಗದದಲ್ಲೂ ಹೆಸರು ಒಂದೇ ಇರಬೇಕು.
ಶಾಲೆಯ ದಾಖಲೆಯಲ್ಲಿ ನಾನು ಗುರುಬಾಯಿ,
ಡಿಗ್ರಿಯಲ್ಲಿ ಗುರವ್ವ,
ಡೆಪೋದ ಬಿಲ್ಲೆಯ ಮೇಲೆ ಬರೇ ನಂಬರು.
ಮೂವರೂ ನಾನೇ ಅಂತ
ಸ್ಟ್ಯಾಂಪ್ ಪೇಪರಿನ ಮೇಲೆ
ವಕೀಲರ ಮುಂದೆ ಆಣೆ ಮಾಡಿ ಬಂದೆ.

ಹಾಜರಿಗೆ ಇನಾಮದಾರ ಆದ.
ನನ್ನ ಶನಿವಾರಗಳ ಡ್ಯೂಟಿ ಅವನು,
ಅವನ ರಂಜಾನಿನ ಸಂಜೆಗಳದ್ದು ನಾನು.

ಕಡೆಯ ಸೆಮಿಸ್ಟರಿಗೆ ಪ್ರಬಂಧ.
ಏನು ಬರೀತಿ? ಅಂದರು ಹತ್ತೂರೆ ಸರ್.
ಬಸ್ಸು, ಅಂದೆ.
ಬಸ್ಸಿಂದೇನು?
ಬಸ್ಸಿನ ಒಳಗಿನ ಮಾತು, ಸರ್.
ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.
ಒಪ್ಪಿಗೆ ಅಂತ ತಿಳಕೊಂಡೆ.

ಕನಿಷ್ಠ ಮೂವತ್ತು ಮಂದಿ ವಕ್ತೃಗಳು.
ಹೆಸರು, ವಯಸ್ಸು, ಊರು, ಸಹಿ.
ವಯಸ್ಸು ಕೇಳಿದರೆ ಹಾಫ್ ಟಿಕೇಟಿಗೆ ಅಂತ
ಎಲ್ಲರೂ ಎಪ್ಪತ್ತರ ಮೇಲೆ ಹೇಳಿದರು.
"ಊರು ಬಂದರ ಎಬ್ಬಿಸವ್ವಾ" ಅಂದ ಒಬ್ಬ ಮುದುಕ.
ಚಂದ ಇತ್ತು ವಾಕ್ಯ. ಬರಕೊಂಡೆ.
ಎಬ್ಬಿಸುವುದ ಮರೆತೆ.
ದುಧನಿಯಲ್ಲಿ ಎಚ್ಚರಾಗಿ ಅವನು ಬೈದದ್ದು
ಪುಟ ನಲವತ್ತೊಂದರಲ್ಲಿ ಇದೆ.

ಚಿಲ್ಲರೆಗೆ ನಾವು ಇಲ್ಲಿ ಮೋಡ ಅಂತೇವೆ.
ಮರಾಠಿಯಿಂದ ಇಸಕೊಂಡದ್ದು,
ಹಿಂದಕ್ಕೆ ಕೊಟ್ಟಿಲ್ಲ.
ಲಿಂಬಿಹಣ್ಣಿನ ಚೀಲ ತೊಡೆ ಮೇಲಿಟ್ಟು
ನೂರರ ನೋಟು ಚಾಚಿದ ಚಾಂದಬಿಗೆ
"ಮೋಡ ಕೊಡಬೇ" ಅಂದೆ.
ಕಿಟಕಿಯ ಹೊರಗೆ ಬೊಟ್ಟು ತೋರಿಸಿದಳು:
"ಅಗಾ ಹೊಂಟಾವಲ್ಲ,
ನಿನಗ ಬೇಕಾದಷ್ಟು ತಗೋ."

ಡ್ರೈವರ್ ಸುದ್ದಾ ನಕ್ಕು
ಗೇರು ತಪ್ಪಿಸಿದ.
ಮತ್ತ ಅವತ್ತು ಆಕಾಶದಲ್ಲಿ ನಿಜಕ್ಕೂ
ನೂರು ರೂಪಾಯಿಗೆ ಮೀರಿ ಇದ್ದವು.
ಸಹಿ ಬರೂದಿಲ್ಲ ಅಂದಳು. ಹೆಬ್ಬೆಟ್ಟು ಒತ್ತಿಸಿಕೊಂಡೆ,
ಗುಂಡಿಯಲ್ಲಿ ಗಾಲಿ ಇಳಿದು ಅದು ಜಾರಿ
ಒಂದು ಗುರುತು ಎರಡಾಯಿತು.
ಬಾಕಿ ಎಪ್ಪತ್ತೆಂಟು, ಟಿಕೇಟಿನ ಬೆನ್ನಿಗೆ ಬರೆದುಕೊಟ್ಟೆ.
ಮಾತಿನ ಗದ್ದಲದಲ್ಲಿ ಮೈಂದರ್ಗಿಗೆ ಇಳಿದುಹೋದಳು,
ಕೇಳಲೇ ಇಲ್ಲ.

ಟೈಪ್ ಆಯಿತು. ನಾಲ್ಕು ಪ್ರತಿ, ಕರೀ ರೆಕ್ಸಿನ್,
ಬಂಗಾರದ ಬಣ್ಣದ ಅಕ್ಷರ.
ಲೈಬ್ರರಿಯ ಬಾಕಿ ಇಲ್ಲದ ದಾಖಲೆ ಬಂತು.
ನಕಲು ಹಿಡಿಯುವ ಕಂಪ್ಯೂಟರಿಗೆ ಕನ್ನಡ ತಿಳಿಯದು,
ಸೊನ್ನೆ ಪ್ರತಿಶತ ಅಂತ ಚೀಟಿ ಕೊಟ್ಟಿತು.

ಕಡೆಗೆ ಒಂದು ಹಾಳೆ:
"ಈ ಪ್ರಬಂಧವು ನನ್ನ ಸ್ವಂತ ಕೃತಿಯಾಗಿದ್ದು
ಇದರ ಯಾವ ಭಾಗವನ್ನೂ ಇತರರಿಂದ ಪಡೆದಿರುವುದಿಲ್ಲ."
ಕೆಳಗೆ ಚುಕ್ಕಿ ಚುಕ್ಕಿ ಗೆರೆ.

ಹನ್ನೊಂದು ವರ್ಷದ ನೌಕರಿ.
ರೊಕ್ಕ ಇಸಕೊಂಡು ಟಿಕೇಟು ಕೊಡದಿದ್ದರೆ
ಮನೆಗೆ ಕಳಿಸುತ್ತಾರೆ, ಗೊತ್ತು.
ಚೆಕಿಂಗಿನವರು ಎರಡು ಸಲ ಹತ್ತಿದ್ದಾರೆ,
ನನ್ನ ಚೀಲದಲ್ಲಿ ಒಂದು ರೂಪಾಯಿ
ಹೆಚ್ಚೂ ಸಿಕ್ಕಿಲ್ಲ, ಕಡಿಮೆಯೂ.
ಇಲ್ಲಿ ನೂರಾ ಹನ್ನೆರಡು ಪುಟ.
ಬೈಗುಳ ಆ ಮುದುಕನದು,
ಮೋಡ ಚಾಂದಬಿಯದು,
"ಸರಕೊಂಡು ಕೂಡ್ರಿ, ಜಾಗಾ ಮನಸಿನ್ಯಾಗ ಇರತದ" ಅಂದದ್ದು
ಹಿಂದಿನ ಸೀಟಿನ ಯಾರೋ, ಮುಖ ಕಾಣಲಿಲ್ಲ.
ನನ್ನದು ಅಂತ ಹುಡುಕಿದರೆ
ಪುಟದ ಸಂಖ್ಯೆ, ಅಲ್ಪವಿರಾಮ.

ಸಹಿ ಮಾಡಿದೆ.
ಮಾಡದೆ ಎಂ.ಎ. ಆಗುವುದಿಲ್ಲ.
ಹಾಳೆ ತಿರುವಿದೆ, ಕೈ ತಾನೇ ತಿರುವಿತು,
ಕಿವಿಗೆ ಸಿಗಿಸಿದ ಪೆನ್ಸಿಲಿನಿಂದ ಬೆನ್ನ ಮೇಲೆ ಬರೆದೆ:
ಬಾಕಿ ಮೂವತ್ತು ಮಂದಿ.

ಇದೇನವಾ ಹಿಂದ? ಅಂದರು ಹತ್ತೂರೆ ಸರ್.
ಚಾಳಿ, ಸರ್, ಅಂದೆ.
ಅಳಿಸುತ್ತಾರೇನೋ ಅಂತ ನೋಡಿದೆ.
ರಬ್ಬರು ಹುಡುಕಿದರು, ಡ್ರಾವರ್ ಮುಚ್ಚಿದರು.
ನಾಲ್ಕು ಹತ್ತಕ್ಕೆ ನನ್ನ ಗಾಡಿ ಇತ್ತು.